ಒಸಾಕಾದಲ್ಲಿ ಐದು ರಾತ್ರಿ

ಹೋಟೆಲೆಂದೊಡನೆ ಮುಂಬಯಿಯ ಕನ್ನಡಿಗನ ಮೂಗಿಗೆ ಮೊದಲು ಬರುವುದು ಕಾಫಿಯ ಪರಿಮಳ. ಕಿವಿಗೆ ಬರುವುದು ಮೋರಿಯ ಬಳಿ ತೊಳೆಯುವ ತಟ್ಟೆಲೋಟಗಳ ಸಪ್ಪಳ. ನಮ್ಮವರ ಪಾಲಿಗೆ ಹೋಟೆಲು ಉಣ್ಣುವ ಸ್ಥಳ. ಮಲಗುವ ಸ್ಥಳವನ್ನು ನಾವು ಲಾಡ್ಜು ಎನ್ನುತ್ತೇವೆ. ಜಪಾನಿನಲ್ಲಿ ಹಾಗಲ್ಲ. ಅಲ್ಲಿ ‘ಹೊತೆರು’ ಎಂದರೆ ಮಲಗುವ ಮನೆ. ಅವರ ಭಾಷೆಯಲ್ಲಿ ಲಕಾರವಿಲ್ಲವಾದುದರಿಂದ ಅದರ ಸ್ಥಾನದಲ್ಲಿ ರಕಾರವನ್ನು ಹೇಳುವರು. ಶಬ್ದವನ್ನು ವ್ಯಂಜನದಲ್ಲಿ ಮುಗಿಸಲು ಮನಸ್ಸಿಲ್ಲದೆ, ಥೇಟು ನಮ್ಮ ಹಾಗೆಯೇ, ಕೊನೆಗೊಂದು ಉಕಾರವನ್ನು ಅಂಟಿಸುವರು. ನಾವು ಬಸ್ಸು ಎಂದುದನ್ನು ಅವರು ಬಸು ಎನ್ನುವರು. ಐದು ರಾತ್ರಿ ಆ ದೇಶದಲ್ಲಿ ಕಳೆದ ನನಗೆ ಮೊದಲು ಕಂಡ ನಂಟಸ್ತಿಕೆ ಈ ಉಕಾರದ್ದೇ.

ನಾನು ದುಡಿಯುವ ವ್ಯಾಪಾರಿ ಸಂಸ್ಥೆಯು ಹೊಲಿಗೆಯಂತ್ರದ ಬಿಡಿಭಾಗಗಳನ್ನು ಜಪಾನಿನಿಂದ ತರಿಸುತ್ತದೆ. 2024ರ ನವೆಂಬರ ತಿಂಗಳಲ್ಲಿ ಅಲ್ಲಿಯ ಲೆಕ್ಕಕ್ಕೂ ಇಲ್ಲಿಯ ಲೆಕ್ಕಕ್ಕೂ ತಾಳೆ ಬಾರದೆ ಹೋದುದರಿಂದ, ಹಳೆಯ ಗುಮಾಸ್ತನಾದ ನನ್ನನ್ನೇ ಕಾಗದಪತ್ರಗಳೊಡನೆ ಒಸಾಕಾ ನಗರಕ್ಕೆ ಕಳುಹಿಸಿದರು. ಒಸಾಕಾ ನಮಗೆ ತೀರ ಹೊಸ ಊರೇನೂ ಅಲ್ಲ. ಅದರ ಗಿರಣಿಗಳು ಒಂದು ಕಾಲಕ್ಕೆ ಹಿಂದುಸ್ತಾನದ ಹತ್ತಿಯನ್ನು ನೂಲುತ್ತಿದ್ದವು. ಆ ಹತ್ತಿಗಾಗಿಯೇ 1893ರಲ್ಲಿ ನಿಪ್ಪನ್ ಯೂಸೆನ್ ಕೈಶಾ ಎಂಬ ಜಪಾನೀ ಹಡಗು ಸಂಸ್ಥೆಯು ಜಮಶೇಟಜಿ ಟಾಟಾ ಅವರ ಸಹಕಾರದಿಂದ ಕೋಬೆ ರೇವಿಗೂ ಮುಂಬಯಿಗೂ ನಡುವೆ ಹಡಗುಗಳನ್ನು ಬಿಡತೊಡಗಿತು. ನನಗೆ ಕೋಣೆ ಗೊತ್ತುಪಡಿಸಿದ್ದು ಸೆಂಬಾ ಎಂಬ ಹಳೆಯ ಬಟ್ಟೆ ವ್ಯಾಪಾರದ ಬೀದಿಗಳ ನಡುವೆ. ನಮ್ಮ ಮೂಲಜಿ ಜೇಠಾ ಮಾರ್ಕೆಟಿನ ನೆರೆಯಲ್ಲಿ ಇಳಿದುಕೊಂಡಂತೆ ಎಂದುಕೊಳ್ಳಬಹುದು.

ಅದು ‘ಬಿಜಿನೆಸು ಹೊತೆರು’ ಎಂಬ ಜಾತಿಗೆ ಸೇರಿದ ಹೋಟೆಲು. ಹೆಸರು ಇಂಗ್ಲಿಷಿನಂತೆ ಕೇಳಿದರೂ ಆ ಜೋಡಣೆ ಜಪಾನೀಯರದೇ. ಪಂಚತಾರೆಯ ವೈಭವ ಅಲ್ಲಿಲ್ಲ, ಧರ್ಮಶಾಲೆಯ ದಾರಿದ್ರ್ಯವೂ ಇಲ್ಲ. ಒಬ್ಬ ಮಾರಾಟಗಾರನೋ ಗುಮಾಸ್ತನೋ ರಾತ್ರಿ ರೈಲಿನಿಂದಿಳಿದು, ಮಿಂದು, ಮಲಗಿ, ಬೆಳಿಗ್ಗೆ ಮಡಿ ಅಂಗಿಯನ್ನು ತೊಟ್ಟು ಕೆಲಸಕ್ಕೆ ಹೊರಡುವುದಕ್ಕೆ ಏನೇನು ಬೇಕೋ ಅಷ್ಟೇ ಅಲ್ಲಿರುವುದು. ಇಂತಹ ಹೋಟೆಲೊಂದು ಬೇಕೆಂದು ಮೊದಲು ಎಣಿಸಿದವರಲ್ಲಿ ಒಬ್ಬರು, ಒಸಾಕಾದ ಹಾಂಕ್ಯೂ ರೈಲ್ವೆಯನ್ನು ಬೆಳೆಸಿದ ಕೊಬಯಾಶಿ ಇಚಿಜೋ ಎಂಬ ಉದ್ಯಮಿ. ಸಂಬಳದಾರನ ಕೈಗೆ ಎಟಕುವ ಬಾಡಿಗೆ, ಚಿಕ್ಕ ಚಿಕ್ಕ ಕೋಣೆ ಎಂಬ ಅವರ ಎಣಿಕೆಯಂತೆ 1938ರಲ್ಲಿ ಟೋಕಿಯೋದ ಶಿಂಬಾಶಿಯಲ್ಲಿ ದಾಯಿಇಚಿ ಹೋಟೆಲು ಎದ್ದಿತು. 1940ರ ಒಲಿಂಪಿಕ್ ಕ್ರೀಡೆಗಳು ಟೋಕಿಯೋಗೆ ಬರಲಿವೆ ಎಂಬ ನಿರೀಕ್ಷೆಯೂ ಅದಕ್ಕಿತ್ತು. ಚೀನದ ಮೇಲಿನ ಯುದ್ಧದ ನಡುವೆ ಜಪಾನು ಆ ಕ್ರೀಡೆಗಳನ್ನು ಬಿಟ್ಟುಕೊಟ್ಟಿತು. ಕ್ರೀಡೆ ಬರಲಿಲ್ಲ, ಹೋಟೆಲಿನ ಪದ್ಧತಿ ಉಳಿಯಿತು. ಇಂದು ಆ ದೇಶದ ನಗರಗಳಲ್ಲಿ ದೊಡ್ಡ ರೈಲು ನಿಲ್ದಾಣದಿಂದ ಹೊರಬಿದ್ದವನಿಗೆ ಇಂತಹ ನಾಲ್ಕಾರು ಹೋಟೆಲುಗಳು ಕಣ್ಣಿಗೆ ಬೀಳದೆ ಇರವು.

ನಾನು ಮುಟ್ಟಿದಾಗ ಮಧ್ಯಾಹ್ನ ಒಂದು ಗಂಟೆ. ಕೋಣೆ ದೊರೆಯುವುದು ಮೂರಕ್ಕೆ. ಇದರಲ್ಲಿ ನಿಮಿಷದ ರಿಯಾಯಿತಿಯೂ ಇಲ್ಲ. ನಮ್ಮ ಕಡೆಯಾದರೆ ‘ಸ್ವಲ್ಪ ನೋಡಿ ಮಾರಾಯ್ರೇ’ ಎಂದು ಗಲ್ಲೆಯ ಬಳಿ ನಿಂತರೆ ಏನಾದರೊಂದು ದಾರಿ ಆಗುತ್ತಿತ್ತು. ಅಲ್ಲಿಯ ಹೆಣ್ಣುಮಗಳು ಮೂರು ಸಾರಿ ಬಾಗಿ ವಂದಿಸಿ, ನನ್ನ ಪೆಟ್ಟಿಗೆಗೆ ಚೀಟಿ ಕಟ್ಟಿ ಒಳಗಿಟ್ಟು, ಮೂರು ಗಂಟೆಗೆ ಬರಬೇಕೆಂದು ಗಡಿಯಾರವನ್ನೇ ತೋರಿಸಿದಳು. ಪರದೇಶಿ ಪ್ರವಾಸಿಗಳ ಪಾಸುಪೋರ್ಟಿನ ಪ್ರತಿಯನ್ನು ತೆಗೆದಿಡುವುದು ಅಲ್ಲಿ ಸರಕಾರದ ನಿಯಮ. ಅದರಲ್ಲಿ ಅವಮಾನವೆಣಿಸುವ ಕಾರಣವಿಲ್ಲ. ಬಾಡಿಗೆಯನ್ನು ಮೊದಲೇ ಕೊಡಬೇಕು. ನನ್ನ ಕೋಣೆಗೆ ದಿನಕ್ಕೆ 9,000 ಯೆನ್, ಎಂದರೆ ಅಂದಿನ ಲೆಕ್ಕದಲ್ಲಿ ಸುಮಾರು ಐದು ಸಾವಿರ ರೂಪಾಯಿ. ಹಲ್ಲುಜ್ಜುವ ಬ್ರಷ್ಷು, ಬಾಚಣಿಗೆ, ಕ್ಷೌರದ ಕತ್ತಿ ಇವೆಲ್ಲ ಕೆಳಗಿನ ಹಜಾರದ ಕಪಾಟಿನಲ್ಲಿ ಇದ್ದವು. ಬೇಕಾದವರು ಬೇಕಾದಷ್ಟನ್ನು ತೆಗೆದುಕೊಂಡು ಹೋಗಬೇಕು. 2022ರ ಏಪ್ರಿಲಿನಲ್ಲಿ ಪ್ಲಾಸ್ಟಿಕ್ಕನ್ನು ಕಡಿಮೆ ಮಾಡುವ ಕಾನೂನು ಜಾರಿಗೆ ಬಂದಮೇಲೆ ಅನೇಕ ಹೋಟೆಲುಗಳವರು ಇವನ್ನು ಕೋಣೆಯಲ್ಲಿಡುವುದನ್ನು ಬಿಟ್ಟಿದ್ದಾರೆ.

ಕೋಣೆಯ ಬಾಗಿಲು ತೆರೆದಾಗ, ನಿಜ ಹೇಳಬೇಕೆಂದರೆ, ನಗು ಬಂತು. ಬಾಗಿಲಿನಿಂದ ಕಿಟಕಿಗೆ ನನ್ನ ಎಂಟು ಹೆಜ್ಜೆ. ಹದಿಮೂರು ಚದರ ಮೀಟರು ಎಂದು ಕಾಗದದಲ್ಲಿ ಬರೆದಿದ್ದರು. ನಮ್ಮ ಲೆಕ್ಕದಲ್ಲಿ ನೂರ ನಲವತ್ತು ಚದರಡಿ. ಈ ಅಳತೆ ನನಗೆ ಚೆನ್ನಾಗಿ ಗೊತ್ತು. 1978ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಕುಂದಾಪುರದ ಕಡೆಯಿಂದ ಬಂದು ಮುಂಬಯಿಯ ಹೋಟೆಲೊಂದರಲ್ಲಿ ಮೇಜು ಒರೆಸುವ ಮಾಣಿಯಾಗಿ ಸೇರಿದ ನಾನು, ಮೊದಲೆರಡು ವರ್ಷ ಅಂಗಡಿ ಮುಚ್ಚಿದ ಮೇಲೆ ಅದೇ ಮೇಜುಗಳನ್ನು ಜೋಡಿಸಿ ಮಲಗಿದವನು. ಅನಂತರ ಸಿಕ್ಕಿದ್ದು ಚಾಳಿನ ಒಂದು ಖೋಲಿ. ಅದು ಇದಕ್ಕಿಂತ ಸ್ವಲ್ಪ ಕಿರಿದು. ಅದರಲ್ಲಿ ನಾವು ಹನ್ನೊಂದು ಮಂದಿ, ಬೆಳಗಿನ ಪಾಳಿಯವರು ಎದ್ದ ಚಾಪೆಯ ಮೇಲೆ ರಾತ್ರಿ ಪಾಳಿಯವರು ಮಲಗುವ ಕ್ರಮ. ಒಸಾಕಾದಲ್ಲಿ ಅಷ್ಟೇ ಜಾಗದಲ್ಲಿ ಒಂದು ಮಂಚ, ಬರೆಯುವ ಮೇಜು, ಕುರ್ಚಿ, ದೀಪ, ನೀರು ಕಾಯಿಸುವ ಕೆಟಲು, ಅಂಗೈಯಗಲದ ತಂಪುಪೆಟ್ಟಿಗೆ, ಕೋಟು ತೂಗುಹಾಕಲು ಗೋಡೆಯ ಮೊಳೆ, ಇವಿಷ್ಟೂ ಒಂದಕ್ಕೊಂದು ತಾಗದಂತೆ ಕುಳಿತಿದ್ದವು. ಪೆಟ್ಟಿಗೆ ಮಂಚದ ಕೆಳಗೆ ಸರಿಯಿತು. ಮಂಚದಿಂದ ಏಳದೆಯೇ ಎಲ್ಲ ದೀಪಗಳನ್ನೂ ಆರಿಸಬಹುದಾಗಿತ್ತು. ಯಾರೋ ಒಬ್ಬರು ಈ ಕೋಣೆಯಲ್ಲಿ ನಿಜವಾಗಿ ಒಂದು ರಾತ್ರಿ ಮಲಗಿ, ಕೈ ಎಲ್ಲಿ ನೀಳುವುದು, ಕಾಲು ಎಲ್ಲಿ ಎಡವುವುದು ಎಂದು ನೋಡಿ, ಆಮೇಲೆ ನಕ್ಷೆ ಬರೆದಿರಬೇಕು.

ಒಂದು ಸೂಚನೆ: ಅಲ್ಲಿ ವಿದ್ಯುತ್ತು ನೂರು ವೋಲ್ಟಿನದು, ಗೋಡೆಯಲ್ಲಿ ಎರಡು ಚಪ್ಪಟೆ ಸೀಳುಗಳು ಮಾತ್ರ. ನಮ್ಮ ಮೂರು ಕಡ್ಡಿಯ ಪ್ಲಗ್ಗು ಒಳಹೋಗದು. ಹೊಂದಿಕೆಯ ಪ್ಲಗ್ಗನ್ನು ಮುಂಬಯಿಯಲ್ಲೇ ಕೊಂಡುಹೋಗುವುದು ಲೇಸು.

ಸ್ನಾನದ ಮನೆಯ ವಿಷಯವಾಗಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಬಾಲ್ದಿಯಿಲ್ಲ, ಚೊಂಬಿಲ್ಲ. ನೆಲ, ಗೋಡೆ, ತೊಟ್ಟಿ, ಮಾಡು ಎಲ್ಲವೂ ಸಂದಿಲ್ಲದ ಒಂದೇ ಪೆಟ್ಟಿಗೆಯ ಹಾಗೆ. ಒಂದೇ ನಲ್ಲಿಯ ಮೂತಿಯನ್ನು ಇತ್ತ ತಿರುಗಿಸಿದರೆ ಮುಖ ತೊಳೆಯುವ ಬೋಗುಣಿಗೂ ಅತ್ತ ತಿರುಗಿಸಿದರೆ ತೊಟ್ಟಿಗೂ ನೀರು. ಈ ಪೆಟ್ಟಿಗೆಯ ಹುಟ್ಟಿಗೂ ಒಂದು ಕಥೆಯಿದೆ. 1964ರಲ್ಲಿ ಒಲಿಂಪಿಕ್ ಕ್ರೀಡೆಗಳು ಕೊನೆಗೂ ಟೋಕಿಯೋಗೆ ಬಂದಾಗ, ಸಾವಿರಕ್ಕೂ ಮಿಕ್ಕ ಕೋಣೆಗಳ ನ್ಯೂ ಓತಾನಿ ಹೋಟೆಲನ್ನು ಹದಿನೇಳು ತಿಂಗಳಲ್ಲಿ ಕಟ್ಟಿ ಮುಗಿಸಬೇಕಾಗಿತ್ತು. ಅಷ್ಟು ಕೋಣೆಗಳಲ್ಲಿ ಒಂದೊಂದಾಗಿ ಹಂಚು ಅಂಟಿಸುತ್ತ, ನೀರು ಸೋರದಂತೆ ಗಾರೆ ಮಾಡುತ್ತ ಕುಳಿತರೆ ಕ್ರೀಡೆಗಳೇ ಮುಗಿದುಹೋದಾವು. ಆಗ ತೊತೊ ಎಂಬ ಸಂಸ್ಥೆಯವರು ಸ್ನಾನದ ಮನೆಯನ್ನು ಕಾರ್ಖಾನೆಯಲ್ಲೇ ತಯಾರಿಸಿ, ತಂದು ಕೂರಿಸುವ ಉಪಾಯವನ್ನು ಕಂಡುಹಿಡಿದರು. ಪಂಚತಾರೆಯ ಹೋಟೆಲಿಗಾಗಿ ಹುಟ್ಟಿದ ವಸ್ತು ಮುಂದೆ ಗುಮಾಸ್ತರ ಹೋಟೆಲಿಗೂ, ಸಾಮಾನ್ಯರ ಮನೆಗೂ ಇಳಿದುಬಂತು. ಅದೇ ಸಂಸ್ಥೆಯವರು 1980ರಲ್ಲಿ ಹೊರತಂದ, ನೀರಿನಿಂದ ಶುಚಿಗೊಳಿಸುವ ಶೌಚಪೀಠವೂ ಅಲ್ಲಿತ್ತು. ಪರದೇಶಗಳಲ್ಲಿ ಬರಿಯ ಕಾಗದವನ್ನು ಕಂಡು ಕಂಗಾಲಾದ ನಮ್ಮವರ ಪಾಡನ್ನು ಬಲ್ಲವರಿಗೆ ಇದು ಎಂತಹ ಸಮಾಧಾನವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೂ ಮೈಮೇಲೆ ನೀರು ಹೊಯ್ದುಕೊಳ್ಳದೆ ಮಿಂದಂತೆ ಆಗುವುದಿಲ್ಲವಷ್ಟೆ. ಆ ಬಯಕೆಯನ್ನು ಮೇಲಿನ ಅಂತಸ್ತಿನ ಸಾಮೂಹಿಕ ಸ್ನಾನಗೃಹ ತೀರಿಸಿತು. ಅಲ್ಲಿ ಗಿಡ್ಡ ಮಣೆಯ ಮೇಲೆ ಕುಳಿತು, ಸಣ್ಣ ಬೋಗುಣಿಯಲ್ಲಿ ಬಿಸಿನೀರು ತುಂಬಿ ತಲೆಯ ಮೇಲೆ ಸುರಿದುಕೊಳ್ಳಬಹುದು. ಮೈ ತೊಳೆದ ಬಳಿಕವೇ ದೊಡ್ಡ ತೊಟ್ಟಿಗೆ ಇಳಿಯಬೇಕು. ಸಾಬೂನಿನ ನೊರೆ ತೊಟ್ಟಿಗೆ ಬೀಳಕೂಡದು. ಊರಿನ ಬಚ್ಚಲುಮನೆಯ ಹಂಡೆಯ ನೆನಪಾಯಿತು. ಒಂದೇ ತೊಡಕೆಂದರೆ ಅಲ್ಲಿ ಯಾರೂ ಮೈಮೇಲೆ ನೂಲಿನ ಎಳೆಯನ್ನೂ ಇಟ್ಟುಕೊಳ್ಳುವುದಿಲ್ಲ. ಗಂಡಸರಿಗೂ ಹೆಂಗಸರಿಗೂ ಪ್ರತ್ಯೇಕ ವ್ಯವಸ್ಥೆಯಿದ್ದರೂ, ಅರುವತ್ತು ದಾಟಿದ ನಾನು ಐದು ದಿನವೂ ರಾತ್ರಿ ಹನ್ನೊಂದೂವರೆಗೆ, ಯಾರೂ ಇಲ್ಲದ ಸಮಯವನ್ನು ಕಾದು ಹೋದೆನು.

ಮೊದಲ ರಾತ್ರಿ ಹಾಗೆ ಹೋಗುವಾಗ, ಕೋಣೆಯಲ್ಲಿಟ್ಟಿದ್ದ ಯುಕಾತಾ ಎಂಬ ನಿಲುವಂಗಿಯನ್ನು ತೊಟ್ಟಿದ್ದೆನು. ಲಿಫ್ಟಿನಲ್ಲಿದ್ದ ವೃದ್ಧರೊಬ್ಬರು ನನ್ನನ್ನು ನೋಡಿ ಗಾಬರಿಗೊಂಡರು. ಏನೋ ಹೇಳಹೋಗಿ, ಮಾತು ಬಾರದೆಂದು ತಿಳಿದು, ತಮ್ಮ ಕೋಟಿನ ಎಡಮಗ್ಗುಲನ್ನು ಬಲದ ಮೇಲೆ ಎಳೆದು ತೋರಿಸಿದರು. ನಾನು ಬಲವನ್ನು ಎಡದ ಮೇಲೆ ಸುತ್ತಿದ್ದೆನು. ಅಲ್ಲಿ ಹಾಗೆ ಉಡಿಸುವುದು ಹೆಣಕ್ಕೆ ಮಾತ್ರವಂತೆ.

ಮೇಜಿನ ಅರೆಯಲ್ಲಿ ‘ಬುದ್ಧನ ಬೋಧೆ’ ಎಂಬ ಪುಸ್ತಕ ಸಿಕ್ಕಿತು. ಬುದ್ಧಧರ್ಮ ಪ್ರಚಾರಕ್ಕಾಗಿ 1965ರಲ್ಲಿ ಸ್ಥಾಪಿತವಾದ ಸಂಘವೊಂದು ಇದನ್ನು ಹೋಟೆಲುಗಳಲ್ಲಿ ಇಡಿಸುತ್ತದೆ. ಅದನ್ನು ಸ್ಥಾಪಿಸಿದ ನುಮಾತಾ ಎಹಾನ್ ಅವರೇ ಮಿತುತೊಯೊ ಕಾರ್ಖಾನೆಯನ್ನು ಕಟ್ಟಿದವರು. ನಮ್ಮ ಕಾರ್ಖಾನೆಗಳ ಫಿಟ್ಟರುಗಳು ಆ ಹೆಸರಿನ ಮೈಕ್ರೊಮೀಟರನ್ನು ಹಿಡಿದಿರುವರು. ಮಂಚದ ತಲೆಗಡೆ ಒಂದು ಪುಟ್ಟ ಟಾರ್ಚು, ಬಾಗಿಲ ಹಿಂದೆ ಬೆಂಕಿ ಬಿದ್ದರೆ ಓಡುವ ದಾರಿಯ ನಕ್ಷೆ, ಹೊರಗೆ ಕೆಲವು ಕಿಟಕಿಗಳ ಮೇಲೆ ತಲೆಕೆಳಗಾದ ಕೆಂಪು ತ್ರಿಕೋನ. ಬೆಂಕಿಯ ದಳದವರು ಒಳನುಗ್ಗಬೇಕಾದ ಕಿಟಕಿ ಇದು ಎಂದು ಅದರ ಅರ್ಥ. 1982ರ ಫೆಬ್ರವರಿ 8ರ ನಸುಕಿನಲ್ಲಿ ಟೋಕಿಯೋದ ನ್ಯೂ ಜಪಾನ್ ಹೋಟೆಲಿಗೆ ಬೆಂಕಿ ಬಿದ್ದು 33 ಮಂದಿ ಸತ್ತರು. ನೀರು ಚಿಮುಕಿಸುವ ಕೊಳವೆಗಳನ್ನು ಬಹುಭಾಗದಲ್ಲಿ ಹಾಕಿಸದೆ ಹಣ ಉಳಿಸಿದ್ದ ಆ ಹೋಟೆಲಿನ ಒಡೆಯನು ಕೊನೆಗೆ ಸೆರೆಮನೆಯ ಶಿಕ್ಷೆಯನ್ನು ಅನುಭವಿಸಬೇಕಾಯಿತು. ಹೋಟೆಲಿನ ಅಟ್ಟದ ಮೇಲೆ ಒಂದೇ ಏಣಿಯ ಆಸರೆಯಲ್ಲಿ ಮಲಗುವ ನಮ್ಮ ಹುಡುಗರನ್ನು ಕಂಡವನಾದ ನಾನು, ಆ ನಕ್ಷೆಯ ಮುಂದೆ ಕೊಂಚ ಹೊತ್ತು ನಿಂತೆನು.

ಎರಡನೆಯ ದಿನ ಬೆಳಿಗ್ಗೆ ಹೊರಡುವಾಗ ದಿಂಬಿನ ಮೇಲೆ ಸಾವಿರ ಯೆನ್ನಿನ ನೋಟೊಂದನ್ನು ಇಟ್ಟೆನು. ಕೋಣೆ ಗುಡಿಸುವವರಿಗೆಂದು. ಅದು 2024ರ ಜುಲೈಯಲ್ಲಿ ಹೊರಬಂದ ಹೊಸ ನೋಟು; ಅದರ ಮೇಲಿರುವುದು ಕಿತಾಸಾತೊ ಶಿಬಾಸಾಬುರೊ ಎಂಬ ವೈದ್ಯವಿಜ್ಞಾನಿಯ ಚಿತ್ರ. 1894ರಲ್ಲಿ ಹಾಂಗ್‌ಕಾಂಗಿಗೆ ಹೋಗಿ ಪ್ಲೇಗಿನ ರೋಗಾಣುವನ್ನು ಕಂಡವರಲ್ಲಿ ಅವರೊಬ್ಬರು; ಎರಡು ವರ್ಷದ ಬಳಿಕ ಆ ಮಾರಿಯೇ ಮುಂಬಯಿಗೆ ಬಂತು. ಸಂಜೆ ಹಿಂದಿರುಗಿ ನೋಡಿದರೆ ಹಾಸಿಗೆ ಸುಕ್ಕಿಲ್ಲದಂತೆ ಹಾಸಿದೆ. ಮೇಜಿನ ಮೇಲೆ ಬಿಳಿಯ ಲಕೋಟೆಯೊಂದಿದೆ. ಒಳಗೆ ನನ್ನ ನೋಟು, ಜೊತೆಗೊಂದು ಚೀಟಿ. ‘ತಾವು ಮರೆತುಹೋದ ವಸ್ತು’ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು.

ನನಗೆ ಮೆಚ್ಚಿಕೆಯಾಯಿತೆಂದು ಹೇಳಿದರೆ ಅರ್ಧ ಸುಳ್ಳಾದೀತು. ಸ್ವಲ್ಪ ನೋವೂ ಆಯಿತು. ನಾನು ಟಿಪ್ಸಿನಲ್ಲಿ ಓದಿದವನು. ಬಸಿಯ ಕೆಳಗೆ ಗಿರಾಕಿಗಳು ಬಿಟ್ಟುಹೋಗುತ್ತಿದ್ದ ಹತ್ತು ಪೈಸೆ, ನಾಲ್ಕಾಣೆಗಳೇ ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ನನ್ನ ಪುಸ್ತಕಗಳಾದವು. ಆ ಚಿಲ್ಲರೆಗೆ ಕೈ ಚಾಚಿ ಬೆಳೆದವನಿಗೆ, ಕೊಡುವ ಕಾಲ ಬಂದಾಗ ಬೇಡವೆನ್ನಿಸಿಕೊಂಡರೆ ಏನಾದೀತೆಂದು ನಮ್ಮ ವಾಚಕರಲ್ಲಿ ಹಲವರಿಗೆ ಗೊತ್ತು.

ಇದಕ್ಕೆ ವಿವರಣೆ ದೊರೆತುದು ಮರುದಿನ ಬೆಳಗಿನ ಉಪಾಹಾರದ ಕೋಣೆಯಲ್ಲಿ. ಆರೂವರೆಗೆ ಅದು ತೆರೆಯುವುದು. ಅನ್ನ, ಹುದುಗಿಸಿದ ಸೋಯಾದ ಮಿಸೊ ಸಾರು, ಸುಟ್ಟ ಮೀನು, ತತ್ತಿ, ಉಪ್ಪಿನಕಾಯಿಗಳು, ನೂಲು ನೂಲಾಗಿ ಎಳೆಬಿಡುವ ನಾತ್ತೊ ಎಂಬ ಹುಳಿಸಿದ ಸೋಯಾ ಕಾಳು. ಕರಾವಳಿಯ ಮೀನುಂಬುವ ವಾಚಕರಿಗೆ ಇಲ್ಲಿ ಚಿಂತೆಯೇ ಇಲ್ಲ. ನನ್ನಂತಹ ಸಸ್ಯಾಹಾರಿಗಳು ಮಾತ್ರ ಕಣ್ಣಿಗೆ ಕಾಣದ ಮೀನಿನ ವಿಷಯದಲ್ಲಿ ಎಚ್ಚರವಾಗಿರಬೇಕು: ಬೂತಾಯಿಯಲ್ಲ, ಬಂಗುಡೆಯಲ್ಲ, ಹೊಗೆ ಹಾಕಿ ಒಣಗಿಸಿ ಕಟ್ಟಿಗೆಯಂತಾದ ಕತ್ಸುವೊ ಎಂಬ ಮೀನು. ಅದನ್ನು ಹೆರೆದು ಕುದಿಸಿದ ನೀರೇ ಅವರ ಸಾರಿಗೂ ಪಲ್ಯಕ್ಕೂ ತಳಹದಿ. ಆದುದರಿಂದ ತರಕಾರಿಯೊಂದೇ ಕಂಡ ಪಾತ್ರೆಯಲ್ಲಿಯೂ ಮೀನು ಇರುವುದುಂಟು. ನಾನು ಅನ್ನಕ್ಕೆ ಸಿಹಿಯಿಲ್ಲದ ಮೊಸರನ್ನು ಸುರಿದು ಕಲಸಿ, ಉಪ್ಪಿಗೆ ಹಾಕಿದ ಉಮೆ ಹಣ್ಣನ್ನು ಬದಿಗಿಟ್ಟುಕೊಂಡೆನು. ಅದು ನಮ್ಮ ಉಪ್ಪುನೀರಿನ ಮಾವಿನಮಿಡಿಗೆ ದಾಯಾದಿಯಂತಿದೆ. ಎದುರಿನ ಮೇಜಿನ ಕೋಟುಧಾರಿಗಳು ನನ್ನ ಮೊಸರನ್ನವನ್ನು ನೋಡಿದ ಬಗೆ, ನಾನು ಅವರ ನಾತ್ತೊವನ್ನು ನೋಡಿದ ಬಗೆಗೆ ಸರಿಯಾಗಿಯೇ ಇತ್ತು.

ಉಂಡ ತಟ್ಟೆಯನ್ನು ಗಿರಾಕಿಗಳೇ ಒಯ್ದಿಡುವುದು ಅಲ್ಲಿಯ ಕ್ರಮ. ನಾನು ಎದ್ದು, ಯೋಚಿಸದೆಯೇ, ದೊಡ್ಡ ಬಟ್ಟಲ ಮೇಲೆ ಚಿಕ್ಕದನ್ನು ಜೋಡಿಸಿ, ಎಂಜಲನ್ನೆಲ್ಲ ಒಂದಕ್ಕೆ ಸೇರಿಸಿ, ಚಮಚಗಳನ್ನು ಒಂದೇ ದಿಕ್ಕಿಗೆ ಇಟ್ಟು, ಕಾಗದದ ವಸ್ತ್ರದಿಂದ ಮೇಜನ್ನು ಅಂಚಿನಿಂದ ಒಳಕ್ಕೆ ಎಳೆದು ಒರೆಸಿದೆನು. ನಲವತ್ತು ವರ್ಷಗಳ ಗುಮಾಸ್ತಿಕೆಯೂ ಆ ಅಭ್ಯಾಸವನ್ನು ಬಿಡಿಸಿಲ್ಲ. ತಟ್ಟೆ ತೆಗೆಯಲು ಬಂದ ಹುಡುಗನು ನನ್ನ ಕೈಯನ್ನೇ ನೋಡುತ್ತ ನಿಂತನು. ಆಮೇಲೆ ಮೆಲ್ಲನೆ ಹಿಂದಿಯಲ್ಲಿ ಕೇಳಿದನು: “ಅಂಕಲ್, ತಾವು ಹೋಟೆಲಿನಲ್ಲಿ ಕೆಲಸ ಮಾಡಿದವರೇ?”

ಅವನು ನೇಪಾಳದವನು. ಇಪ್ಪತ್ತೆರಡರ ಪ್ರಾಯ, ಜಪಾನೀ ಭಾಷಾಶಾಲೆಯ ವಿದ್ಯಾರ್ಥಿ. ಅಂತಹ ವಿದ್ಯಾರ್ಥಿಗಳು ಶಾಲೆ ನಡೆಯುವ ದಿನಗಳಲ್ಲಿ ವಾರಕ್ಕೆ 28 ಗಂಟೆ ಮಾತ್ರ ದುಡಿಯಬಹುದೆಂದು ಅಲ್ಲಿಯ ಕಾನೂನು. ಬೆಳಿಗ್ಗೆ ಇಲ್ಲಿ ಬಟ್ಟಲು, ಮಧ್ಯಾಹ್ನ ಶಾಲೆ, ಕೆಲವು ದಿನ ಕೋಣೆಗಳ ಶುಚಿ. ಕೋಣೆ ಗುಡಿಸುವವರು ಹೋಟೆಲಿನ ನೌಕರರಲ್ಲ, ಗುತ್ತಿಗೆದಾರನ ಕಡೆಯವರು, ಹೆಚ್ಚಾಗಿ ಅಜ್ಜಿಯಂದಿರು, ಉಳಿದವರು ತನ್ನಂತಹ ಪರದೇಶಿ ಹುಡುಗರು ಎಂದು ಹೇಳಿದನು. ಹಾಸಿಗೆ, ತೊಟ್ಟಿ, ಕನ್ನಡಿ, ನೆಲ ಸೇರಿ ಕೋಣೆಯೊಂದಕ್ಕೆ ಅರ್ಧ ಗಂಟೆಯೂ ಸಿಗುವುದಿಲ್ಲವಂತೆ. ತೊಟ್ಟಿಯಲ್ಲಿ ಒಂದು ಕೂದಲು ಉಳಿದರೆ ಮರಳಿ ಕರೆಸುವರಂತೆ.

ಲಕೋಟೆಯ ಕಥೆಯನ್ನು ಹೇಳಿದೆನು. ಅವನು ನಕ್ಕನು. “ತೆಗೆದುಕೊಂಡರೆ ಕಳವು ಆಗುತ್ತದೆ ಅಂಕಲ್. ಇಲ್ಲಿ ಟಿಪ್ಸು ಎಂಬುದೇ ಇಲ್ಲ. ಮೊದಲು ನನಗೂ ಬೇಸರವಾಗಿತ್ತು. ಈಗ ಹಾಯೆನಿಸುತ್ತದೆ. ಯಾರ ಮುಖವನ್ನೂ ನೋಡಬೇಕಾಗಿಲ್ಲ.”

ಈ ಕೊನೆಯ ಮಾತು ನನ್ನನ್ನು ಎರಡು ದಿನ ಬಿಡಲಿಲ್ಲ. ಮುಖ ನೋಡುವುದೆಂದರೇನೆಂದು ನಾನು ಬಲ್ಲೆನು. ಯಾವ ಗಿರಾಕಿ ಕೊಡುವವನು, ಯಾರು ಕೊಡದವನು ಎಂದು ಬಾಗಿಲಲ್ಲಿಯೇ ಗುರುತಿಸಿ, ಕೊಡುವವನ ಮೇಜಿಗೆ ಎರಡು ಸಾರಿ ಚಟ್ನಿ ಒಯ್ಯುತ್ತಿದ್ದೆವು. ಸಂಬಳ ಹೆಚ್ಚಿಸಿರೆಂದು ಕೇಳಿದಾಗ ನಮ್ಮ ಧಣಿಗಳು, ‘ಟಿಪ್ಸು ಬರುವುದಲ್ಲವೋ?’ ಎನ್ನುತ್ತಿದ್ದರು. ಗಿರಾಕಿ ಬಿಟ್ಟುಹೋದ ನಾಲ್ಕಾಣೆಯನ್ನು ಅವರು ತಮ್ಮ ಖಾತೆಗೆ ಜಮೆ ಹಿಡಿಯುತ್ತಿದ್ದರೆಂದು ಅರ್ಥವಾದುದು ನಾನು ಲೆಕ್ಕ ಬರೆಯಲು ಕಲಿತ ಮೇಲೆಯೇ. ಆದರೂ ಆ ನಾಲ್ಕಾಣೆ ಇಲ್ಲದಿದ್ದರೆ ನಾನು ಲೆಕ್ಕವನ್ನೇ ಕಲಿಯುತ್ತಿರಲಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟು ತೂಗಲು ನನ್ನಿಂದ ಆಗಿಲ್ಲ.

ಗುಮಾಸ್ತನಾದುದರಿಂದ ಒಂದು ಲೆಕ್ಕವನ್ನು ಮಾತ್ರ ಮಾಡಿದೆನು. 2024ರ ಅಕ್ಟೋಬರಿನಲ್ಲಿ ಒಸಾಕಾದ ಕಾನೂನಿನ ಕನಿಷ್ಠ ಕೂಲಿ ಗಂಟೆಗೆ 1,114 ಯೆನ್ ಆಗಿತ್ತು. ಬಟ್ಟಲು ತೊಳೆಯುವವನಿಗೂ ಅದಕ್ಕಿಂತ ಕಡಿಮೆ ಕೊಡುವಂತಿರಲಿಲ್ಲ. ನನ್ನ ಕೋಣೆಯ ಬಾಡಿಗೆ 9,000. ಎಂದರೆ ಆ ಕೋಣೆಯನ್ನು ಗುಡಿಸುವವರು ಎಂಟು ಗಂಟೆ ಮೇಲೆ ಸ್ವಲ್ಪ ದುಡಿದರೆ ಅದೇ ಕೋಣೆಯಲ್ಲಿ ಒಂದು ರಾತ್ರಿ ಮಲಗಬಹುದಾಗಿತ್ತು. ಮುಂಬಯಿಯಲ್ಲಿ ಅಂತಹ ಮಂಚ, ಅಂತಹ ಬಿಸಿನೀರು, ಅಂತಹ ಬೀಗವುಳ್ಳ ಕೋಣೆಯಲ್ಲಿ ಒಂದು ರಾತ್ರಿ ಮಲಗಲು ನಮ್ಮ ಮಾಣಿಯೊಬ್ಬನು ಎಷ್ಟು ದಿನ ಮೇಜು ಒರೆಸಬೇಕು? ಈ ಲೆಕ್ಕವನ್ನು ಆಯಾ ಹೋಟೆಲಿನ ವಾಚಕರೇ ಮಾಡಿಕೊಳ್ಳಲಿ. ಸಂಬಳದ ಅಂಕೆ ಅವರಿಗೇ ಗೊತ್ತು.

ಇದನ್ನು ಆ ಹುಡುಗನಿಗೂ ಹೇಳಿದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಲೆಕ್ಕ ಸರಿ. ಆದರೆ ನಾನು ಇಲ್ಲಿ ಒಂದು ರಾತ್ರಿಯೂ ಮಲಗಿಲ್ಲ” ಎಂದನು. ಎರಡು ಕೋಣೆಯ ಬಿಡಾರದಲ್ಲಿ ಅವರು ನಾಲ್ವರು. ಜಪಾನಿಗೆ ಬರಲು ಮಾಡಿದ ಸಾಲ ಊರಿನಲ್ಲಿ ಹಾಗೆಯೇ ಇದೆ. ತಾಯಿಗೆ ತಾನು ‘ಹೋಟೆಲಿನಲ್ಲಿದ್ದೇನೆ’ ಎಂದಷ್ಟೇ ಹೇಳಿದ್ದಾನೆ. ನಾನೂ 1978ರಲ್ಲಿ ಊರಿಗೆ ಬರೆದ ಮೊದಲ ಕಾರ್ಡಿನಲ್ಲಿ ಅಷ್ಟೇ ಬರೆದಿದ್ದೆನು.

ಕೊನೆಯ ದಿನ ಬೆಳಿಗ್ಗೆ ಹತ್ತು ಗಂಟೆಯೊಳಗೆ ಕೋಣೆ ಬಿಡಬೇಕಾಗಿತ್ತು. ಹಾಸಿಗೆಯ ಹೊದಿಕೆಯನ್ನು ಮಡಿಸಿ, ತೊಟ್ಟಿಯನ್ನು ಒರೆಸಿ, ಕೂದಲೇನಾದರೂ ಉಳಿದಿದೆಯೋ ಎಂದು ಬಗ್ಗಿ ನೋಡಿದೆನು. ಮನೆಯಾಕೆ ಕಟ್ಟಿಕೊಟ್ಟಿದ್ದ ಚಕ್ಕುಲಿಯ ಪೊಟ್ಟಣದಲ್ಲಿ ಅರ್ಧ ಉಳಿದಿತ್ತು. ಅಂದು ಹುಡುಗನ ಪಾಳಿ ಇರಲಿಲ್ಲ. ಪೊಟ್ಟಣದ ಮೇಲೆ ಅವನ ಹೆಸರನ್ನು ಬರೆದು ಕೆಳಗಿನ ಮೇಜಿನ ಹೆಣ್ಣುಮಗಳಿಗೆ ಕೊಟ್ಟೆನು. ಅವಳು ಅದನ್ನು ತಿರುಗಿಸಿ ನೋಡಿ, ಭಾಷಾಂತರ ಮಾಡುವ ಯಂತ್ರದಲ್ಲಿ ಏನೋ ಮಾತನಾಡಿ ನನ್ನ ಮುಂದೆ ಹಿಡಿದಳು. ಇದು ಮರೆತ ವಸ್ತುವೋ, ಉಡುಗೊರೆಯೋ ಎಂದು ಅದರಲ್ಲಿ ಮೂಡಿತ್ತು.

ಉಡುಗೊರೆ ಎಂದೆನು. ಅವಳು ಎರಡೂ ಕೈಗಳಿಂದ ಅದನ್ನು ತೆಗೆದುಕೊಂಡು, ಬಾಗಿ ವಂದಿಸಿ, ಹಿಂದಿನ ಕಪಾಟಿನಲ್ಲಿ ಇಟ್ಟಳು.